ದಿನವಿಡೀ ಟ್ಯಾಲಿ ನೋಡುವವರಿಗೆ ಓಎಲ್‌ಇಡಿ ಸ್ಕ್ರೀನ್ ಬೇಕಾ?

ಪ್ರಶ್ನೆ: ಸರ್, ನಾನು ಕುಂದಾಪುರದಲ್ಲಿ ಟ್ಯಾಕ್ಸ್ ಕನ್ಸಲ್ಟೆಂಟ್. ವಯಸ್ಸು 52. ಬೆಳಿಗ್ಗೆಯಿಂದ ರಾತ್ರಿವರೆಗೆ ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್. ಹೊಸ ಲ್ಯಾಪ್‌ಟಾಪ್ ತಗೋಬೇಕು. ಅಂಗಡಿಯವರು ಎರಡು ತೋರಿಸಿದ್ದಾರೆ. ಒಂದು 14 ಇಂಚು, ಓಎಲ್‌ಇಡಿ, 16:10. ಇನ್ನೊಂದು 15.6 ಇಂಚು, ಐಪಿಎಸ್, 16:9. ಓಎಲ್‌ಇಡಿ ನೋಡಿದ ಮೇಲೆ ಇನ್ನೊಂದರ ಕಡೆ ಮನಸ್ಸೇ ಹೋಗುತ್ತಿಲ್ಲ. ಆದರೆ ಆರೇಳು ವರ್ಷ ಬಾಳಿಕೆ ಬರಬೇಕು. ಯಾವುದು ಒಳ್ಳೆಯದು?

ಉತ್ತರ: ಎರಡೂ ಬೇಡ ಅಂತೀನಿ. 16 ಇಂಚಿನ, 16:10 ಆಕಾರದ ಐಪಿಎಸ್ (ಎಲ್‌ಸಿಡಿಯಲ್ಲೇ ಒಂದು ಬಗೆ) ಸ್ಕ್ರೀನ್ ಇದೆಯಾ ಕೇಳಿ. ಯಾಕೆ ಅಂತ ಹೇಳ್ತೀನಿ.

ಮೊದಲು ಆಕಾರದ ವಿಷಯ. 16:10 ಅಂದರೆ ಅಗಲ 16 ಪಾಲಾದರೆ ಎತ್ತರ 10 ಪಾಲು. ಅಂಗಡಿಯಲ್ಲಿ ಹೇಳುವ ಇಂಚು ಅಂದರೆ ಮೂಲೆಯಿಂದ ಮೂಲೆಗೆ ಅಳೆದದ್ದು. ಅದರಲ್ಲಿ ಎತ್ತರ ಎಷ್ಟು ಅಂತ ಗೊತ್ತಾಗುವುದಿಲ್ಲ. 15.6 ಇಂಚಿನ 16:9 ಸ್ಕ್ರೀನ್ ಸುಮಾರು 34.5 ಸೆಂ.ಮೀ. ಅಗಲ, 19.4 ಸೆಂ.ಮೀ. ಎತ್ತರ. 16 ಇಂಚಿನ 16:10 ತೆಗೆದುಕೊಂಡರೆ ಅಗಲ ಅಷ್ಟೇ, ಎತ್ತರ ಮಾತ್ರ 21.5. ಎರಡು ಸೆಂ.ಮೀ. ಅಂದರೆ ಏನು ಮಹಾ ಅನ್ನಿಸಬಹುದು. ಎಕ್ಸೆಲ್ ತೆರೆದು ನೋಡಿ. 1920×1080 ಇದ್ದದ್ದು 1920×1200 ಆದಾಗ ಕೆಳಗೆ 120 ಪಿಕ್ಸೆಲ್ (ಸ್ಕ್ರೀನಿನ ಚುಕ್ಕೆ) ಜಾಸ್ತಿ ಸಿಗುತ್ತದೆ. ಎಕ್ಸೆಲ್‌ನ ಮಾಮೂಲಿ ಸಾಲು 20 ಪಿಕ್ಸೆಲ್ ಎತ್ತರ. ಆರು ಸಾಲು ಹೆಚ್ಚು ಕಂಡ ಹಾಗಾಯಿತು. ಅಕ್ಷರ ದೊಡ್ಡದಾಗಿಸುವ ಸ್ಕೇಲಿಂಗ್ 125%ಕ್ಕೆ ಇಟ್ಟಿದ್ದರೂ ನಾಲ್ಕೈದು ಸಾಲಿಗೆ ಮೋಸವಿಲ್ಲ. ಲೆಡ್ಜರ್ ತಾಳೆ ನೋಡುವಾಗ ಮೇಲೆ ಕೆಳಗೆ ಸ್ಕ್ರಾಲ್ ಮಾಡುವುದು ಅಷ್ಟು ಕಮ್ಮಿ ಆಗುತ್ತದೆ. ಅಕ್ಷರದ ಗಾತ್ರವೂ ಹೆಚ್ಚುಕಮ್ಮಿ 15.6 ಇಂಚಿನದ್ದರಷ್ಟೇ ಇರುತ್ತದೆ, ಕಣ್ಣಿಗೆ ಹೊಸ ಕಷ್ಟವಿಲ್ಲ.

ಹಾಗಾದರೆ 14 ಇಂಚಿನದ್ದೂ 16:10 ತಾನೇ ಅಂತ ನೀವು ಕೇಳಬಹುದು. ಹೌದು, ಆದರೆ ಅದರ ಎತ್ತರ ಸುಮಾರು 18.8 ಸೆಂ.ಮೀ. ಅಷ್ಟೇ. ಅಂದರೆ 15.6 ಇಂಚಿನದ್ದಕ್ಕಿಂತ ಗಿಡ್ಡ, ಅಗಲದಲ್ಲಂತೂ ನಾಲ್ಕು ಸೆಂ.ಮೀ. ಖೋತಾ. ಅಕ್ಷರವನ್ನು ನಿಮ್ಮ ಕಣ್ಣಿಗೆ ಹೊಂದುವ ಗಾತ್ರಕ್ಕೆ ತಂದರೆ ಕಾಣುವ ಸಾಲು ಕಮ್ಮಿಯೇ ಆಗುತ್ತದೆ. ಊರೂರು ಸುತ್ತುವವರಿಗೆ 14 ಇಂಚು ಸರಿ. ನಿಮ್ಮದು ಮೇಜಿನ ಮೇಲಿನ ಕೆಲಸ, ಅಲ್ವಾ?

16:9 ಲ್ಯಾಪ್‌ಟಾಪಿಗೆ ಬಂದದ್ದು ಟೀವಿಯ ದೆಸೆಯಿಂದ. ಅದಕ್ಕೆ ಮುಂಚೆ 1280×800, ಅಂದರೆ 16:10, ಮಾಮೂಲಿ ಇತ್ತು. 2008ರ ಆಸುಪಾಸಿನಲ್ಲಿ ಪ್ಯಾನೆಲ್ (ಸ್ಕ್ರೀನಿನ ಫಲಕ) ಮಾಡುವ ಕಾರ್ಖಾನೆಗಳು ಟೀವಿ ಆಕಾರದ ಕಡೆ ತಿರುಗಿದವು. ದೊಡ್ಡ ಗಾಜಿನ ಹಾಳೆಯಿಂದ ಒಂದೇ ಆಕಾರದ ತುಂಡು ಕತ್ತರಿಸಿದರೆ ಅಗ್ಗ. ಹೀಗೆ 1366×768 ಬಂತು. ಹೊಸದು ಅಂತ ಕೊಂಡವರಿಗೆ ಎತ್ತರದಲ್ಲಿ 32 ಪಿಕ್ಸೆಲ್ ಹೋಗಿತ್ತು! ಆಪಲ್ ಮಾತ್ರ ಬಹುಪಾಲು 16:10 ಬಿಡಲಿಲ್ಲ. ಮೈಕ್ರೋಸಾಫ್ಟ್ 2014ರ ಸರ್ಫೇಸ್ ಪ್ರೋ 3ರಲ್ಲಿ 3:2 ತಂದಿತು. 2020ರಲ್ಲಿ ಡೆಲ್ ಎಕ್ಸ್‌ಪಿಎಸ್ 13 ಮತ್ತೆ 16:10ಕ್ಕೆ ಬಂತು, ಉಳಿದವರೂ ಒಬ್ಬೊಬ್ಬರಾಗಿ ಬಂದರು. ಈಗ 16:9 ಹೆಚ್ಚಾಗಿ ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಉಳಿದಿದೆ. ಸಿನಿಮಾ ನೋಡುವವರಿಗೆ ಅದರಿಂದ ನಷ್ಟವೇನಿಲ್ಲ.

ಇನ್ನು ಓಎಲ್‌ಇಡಿ. ಚೆಂದ ಇದೆ, ಇಲ್ಲ ಅನ್ನಲ್ಲ. ಅದರಲ್ಲಿ ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುತ್ತದೆ. ಕಪ್ಪು ಬೇಕಾದ ಕಡೆ ಪೂರಾ ಆರಿಬಿಡುತ್ತದೆ. ತೊಂದರೆಯೂ ಅಲ್ಲೇ ಇರುವುದು. ಬೆಳಗಿದಷ್ಟೂ ಆ ಪಿಕ್ಸೆಲ್ ಸವೆಯುತ್ತದೆ, ಅದರಲ್ಲೂ ನೀಲಿ ಬೇಗ. ಇಡೀ ಸ್ಕ್ರೀನ್ ಸಮವಾಗಿ ಸವೆದರೆ ನಮಗೆ ಗೊತ್ತೂ ಆಗುವುದಿಲ್ಲ. ಆದರೆ ನಿಮ್ಮ ಟ್ಯಾಲಿಯನ್ನು ನೆನೆಸಿಕೊಳ್ಳಿ. ಬಲಗಡೆ ಎಫ್2 ಡೇಟ್, ಎಫ್3 ಕಂಪನಿ ಅಂತ ಬಟನ್‌ಗಳ ಪಟ್ಟಿ. ಕೆಳಗೆ ವಿಂಡೋಸ್‌ನ ಟಾಸ್ಕ್‌ಬಾರ್. ದಿನಕ್ಕೆ ಎಂಟೊಂಬತ್ತು ಗಂಟೆ ಇವು ಅಲ್ಲಾಡದೆ ಅಲ್ಲೇ ಕೂತಿರುತ್ತವೆ. ವರ್ಷಗಟ್ಟಲೆ ಗೋಡೆ ಮೇಲಿದ್ದ ಕ್ಯಾಲೆಂಡರ್ ತೆಗೆದಾಗ ಆ ಜಾಗ ಬೇರೆಯೇ ಬಣ್ಣ ಕಾಣುತ್ತದಲ್ಲ, ಹಾಗೆ ಒಂದು ದಿನ ಟ್ಯಾಲಿ ಮುಚ್ಚಿದರೂ ಅದರ ಪಟ್ಟಿ ಮಸುಕಾಗಿ ಕಾಣತೊಡಗುತ್ತದೆ. ಇದಕ್ಕೆ ಬರ್ನ್-ಇನ್ ಅಂತಾರೆ. ಬಂದ ಮೇಲೆ ಪ್ಯಾನೆಲ್ ಬದಲಿಸುವುದೇ ದಾರಿ.

ಕಂಪನಿಗಳು ಸುಮ್ನೆ ಕೂತಿಲ್ಲ. ಚಿತ್ರವನ್ನು ಆಗಾಗ ಒಂದೆರಡು ಪಿಕ್ಸೆಲ್ ಸರಿಸುವುದು, ಸವೆತವನ್ನು ಸರಿದೂಗಿಸುವ ಪಿಕ್ಸೆಲ್ ರಿಫ್ರೆಶ್ ಅಂತೆಲ್ಲ ಇದೆ. ಟಾಸ್ಕ್‌ಬಾರ್ ಮರೆಮಾಡಿ, ಡಾರ್ಕ್ ಮೋಡ್ ಹಾಕಿ, ಬೆಳಕು ತಗ್ಗಿಸಿದರೆ ತುಂಬಾ ಮುಂದೂಡಬಹುದು. ಆದರೆ ಬೆಳಕು ತಗ್ಗಿಸಿದಾಗ ಅನೇಕ ಓಎಲ್‌ಇಡಿ ಲ್ಯಾಪ್‌ಟಾಪ್‌ಗಳು ಸ್ಕ್ರೀನನ್ನು ಸೆಕೆಂಡಿಗೆ 240 ಸಲದಂತೆ ಮಿಣುಕಿಸುತ್ತವೆ. ಕಣ್ಣಿಗೆ ನೇರ ಕಾಣದಿದ್ದರೂ ಕೆಲವರಿಗೆ ಇದರಿಂದ ತಲೆನೋವು ಬರುತ್ತದೆ. ದಿನಪೂರ್ತಿ ಬಿಳಿ ಶೀಟ್ ನೋಡುವವರು ಇಷ್ಟೆಲ್ಲ ಜೋಪಾನ ಮಾಡಿಕೊಂಡು ಯಾಕೆ ಇರಬೇಕು?

ಐಪಿಎಸ್ ಹಳೆಯದಾಗುವ ರೀತಿ ಬೇರೆ. ಅದರಲ್ಲಿ ಬೆಳಕು ಹಿಂದಿನ ಎಲ್‌ಇಡಿ ಪಟ್ಟಿಯಿಂದ ಬರುತ್ತದೆ, ಹಾಗಾಗಿ ಮಂಕಾದರೂ ಒಟ್ಟಿಗೇ ಮಂಕಾಗುತ್ತದೆ. ಅನೇಕ ಪ್ಯಾನೆಲ್‌ಗಳ ಡೇಟಾಶೀಟ್‌ನಲ್ಲಿ ಬೆಳಕು ಅರ್ಧಕ್ಕೆ ಇಳಿಯಲು ಕನಿಷ್ಠ 15,000 ಗಂಟೆ ಅಂತ ಇರುತ್ತದೆ. ದಿನಕ್ಕೆ ಒಂಬತ್ತು ಗಂಟೆ, ವರ್ಷಕ್ಕೆ 300 ದಿನ ಹಾಕಿ. ಐದೂವರೆ ವರ್ಷ ಆಯಿತು. ಇದು ಪೂರ್ತಿ ಬೆಳಕಿನಲ್ಲಿ ಉರಿಸಿದ ಲೆಕ್ಕ. ಆಫೀಸಿನೊಳಗೆ ಅರ್ಧ ಬೆಳಕು ಸಾಕು, ಆಗ ಇನ್ನೂ ಬಹಳ ಬಾಳುತ್ತದೆ. ನಿಮ್ಮ ಆರೇಳು ವರ್ಷಕ್ಕೆ ಧೈರ್ಯವಾಗಿ ಹೂಂ ಅನ್ನಬಹುದು.

ಒಂದು ಮಾತು ಬಿಟ್ಟೆ. ರಿಪೇರಿಗೆ ಬರುವ ಸ್ಕ್ರೀನ್‌ಗಳಲ್ಲಿ ಹೆಚ್ಚಿನವು ವಯಸ್ಸಾಗಿ ಸತ್ತವಲ್ಲ. ಒಂದೇ ಮೂಲೆ ಹಿಡಿದು ಮುಚ್ಚಳ ಎತ್ತಿ ಎತ್ತಿ ಹಿಂಜ್ (ಮುಚ್ಚಳದ ಕೀಲು) ಬಿಗಿಯಾಗಿ, ಪ್ಲಾಸ್ಟಿಕ್ ಸೀಳಿದವು. ಕೀಬೋರ್ಡ್ ಮೇಲೆ ಪೆನ್ ಬಿಟ್ಟು ಮುಚ್ಚಿದವು. ಬ್ಯಾಗಿನಲ್ಲಿ ಟಿಫಿನ್ ಡಬ್ಬಿ ಒತ್ತಿದವು. ಕ್ಯಾಮೆರಾಗೆ ಅಂಟಿಸುವ ಪುಟ್ಟ ಮುಚ್ಚಳವೂ ಸ್ಕ್ರೀನ್ ಒಡೆಯುತ್ತದೆ. 2020ರಲ್ಲಿ ಆಪಲ್ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತ್ತು. ನಿಮ್ಮ ಕರಾವಳಿಯಲ್ಲಿ ಇನ್ನೊಂದು ಸೇರಿಸಿಕೊಳ್ಳಿ: ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟರೆ ಕನೆಕ್ಟರ್‌ಗಳಲ್ಲಿ ಕಿಲುಬು ಹಿಡಿಯುತ್ತದೆ. ದಿನಾ ಓಡುವ ಲ್ಯಾಪ್‌ಟಾಪಿಗೆ ಆ ಭಯ ಕಡಿಮೆ.

ಪ್ರಶ್ನೆ: ಮಗಳು ಟೆಕ್ಸ್‌ಟೈಲ್ ಡಿಸೈನ್ ಓದುತ್ತಿದ್ದಾಳೆ. ನೋಡಿದ ಲ್ಯಾಪ್‌ಟಾಪ್‌ನಲ್ಲಿ ‘ಐಪಿಎಸ್, 250 ನಿಟ್ಸ್, 45% ಎನ್‌ಟಿಎಸ್‌ಸಿ’ ಅಂತಿದೆ. ಐಪಿಎಸ್ ಇದ್ದರೆ ಸಾಕಲ್ಲವೇ? – ಬಾಗಲಕೋಟೆಯಿಂದ ಒಬ್ಬ ತಂದೆ

ಉತ್ತರ: ಸಾಲದು. ಐಪಿಎಸ್ ಅಂದರೆ ಪಕ್ಕದಿಂದ ನೋಡಿದರೂ ಬಣ್ಣ ತಿರುಗುವುದಿಲ್ಲ ಅಂತ ಮಾತ್ರ. ಎಷ್ಟು ಬಣ್ಣ ತೋರಿಸುತ್ತದೆ ಅನ್ನುವುದು ಆ 45%ರಲ್ಲಿದೆ. ಎನ್‌ಟಿಎಸ್‌ಸಿ ಅಂದರೆ ಬಣ್ಣದ ವ್ಯಾಪ್ತಿ ಅಳೆಯುವ ಒಂದು ಹಳೆಯ ಟೀವಿ ಮಾನದಂಡ. ಇಂಟರ್‌ನೆಟ್ಟಿನ ಚಿತ್ರಗಳು ಹೆಚ್ಚಾಗಿ ಎಸ್‌ಆರ್‌ಜಿಬಿ ಅನ್ನುವ ಬಣ್ಣದ ಅಳತೆಯಲ್ಲಿರುತ್ತವೆ. 45% ಎನ್‌ಟಿಎಸ್‌ಸಿ ಅಂದರೆ ಅದರ ಮೂರರಲ್ಲಿ ಎರಡು ಪಾಲು ಕೂಡ ಕಷ್ಟ. ನಿಮ್ಮ ಕಡೆಯ ಇಳಕಲ್ ಸೀರೆಯ ಸೆರಗಿನ ಫೋಟೊ ಅದರಲ್ಲಿ ತೆರೆದು, ಪಕ್ಕದಲ್ಲಿ ಸೀರೆಯನ್ನೇ ಹಿಡಿದು ನೋಡಿ. ಆ ಗಾಢ ಕೆಂಪು ಸ್ಕ್ರೀನಿನಲ್ಲಿ ಇಟ್ಟಿಗೆ ಬಣ್ಣಕ್ಕೆ ಇಳಿದಿರುತ್ತದೆ. ಕೋಡಿಂಗ್ ಮಾಡುವ ಹುಡುಗರಿಗೆ ಅದು ನಡೆಯುತ್ತದೆ, ನಿಮ್ಮ ಮಗಳಿಗೆ ನಡೆಯಲ್ಲ. ‘100% ಎಸ್‌ಆರ್‌ಜಿಬಿ’ ಅಥವಾ ‘72% ಎನ್‌ಟಿಎಸ್‌ಸಿ’ ಅಂತ ಬರೆದದ್ದನ್ನೇ ಹುಡುಕಿ. ನಿಟ್ಸ್ ಅಂದರೆ ಸ್ಕ್ರೀನಿನ ಬೆಳಕಿನ ಅಳತೆ. ಕಿಟಕಿ ಪಕ್ಕ ಕೂತು ಕೆಲಸ ಮಾಡುವುದಾದರೆ 300 ನಿಟ್ಸ್‌ಗಿಂತ ಕಮ್ಮಿ ಬೇಡ. ಅವಳಿಗಾದರೆ ಓಎಲ್‌ಇಡಿಯೂ ಆಗಬಹುದು, ದಿನವಿಡೀ ಒಂದೇ ಪಟ್ಟಿ ಎದುರಿಗೆ ಇರುವುದಿಲ್ಲವಲ್ಲ.

ಹಾಗೆಯೇ ‘ಎಸ್‌ವಿಎ’ ಅಂತ ಕಂಡರೆ ಅದು ಹಳೆಯ ಟಿಎನ್ ಪ್ಯಾನೆಲ್. ಮುಚ್ಚಳ ಹಿಂದಕ್ಕೆ ಬಾಗಿಸಿ ಕೆಳಗಿನಿಂದ ನೋಡಿ, ಮುಖಗಳು ನೆಗೆಟಿವ್ ಫಿಲ್ಮಿನ ಹಾಗೆ ಕಾಣುತ್ತವೆ.

ಪ್ರಶ್ನೆ: ಸ್ಕ್ರೀನ್ ಮೇಲೆ ಉದ್ದುದ್ದ ಗೆರೆಗಳು ಬರುತ್ತಿವೆ. ಡಿಸ್‌ಪ್ಲೇ ಹೋಯಿತು ಅಂತ ಅಂಗಡಿಯವರು ದೊಡ್ಡ ಮೊತ್ತ ಹೇಳಿದ್ದಾರೆ. ನಿಜವೇ?

ಉತ್ತರ: ದುಡ್ಡು ಕೊಡುವ ಮೊದಲು ಮುಚ್ಚಳವನ್ನು ನಿಧಾನಕ್ಕೆ ಹಿಂದೆ ಮುಂದೆ ಆಡಿಸಿ. ಗೆರೆ ಬಂದು ಹೋಗಿ ಮಾಡಿದರೆ ಹಿಂಜ್ ಒಳಗೆ ಹಾಯುವ ಕೇಬಲ್ ಸವೆದಿರಬಹುದು. ಅದು ಪ್ಯಾನೆಲ್‌ಗಿಂತ ಎಷ್ಟೋ ಅಗ್ಗ. ಗೆರೆ ಅಲ್ಲಾಡದೆ ಒಂದೇ ಕಡೆ ನಿಂತಿದ್ದರೆ, ಎಚ್‌ಡಿಎಂಐ ವೈರಿನಿಂದ ಟೀವಿಗೆ ಜೋಡಿಸಿ. ಟೀವಿಯಲ್ಲಿ ಚಿತ್ರ ಸರಿಯಿದ್ದರೆ ಅಂಗಡಿಯವರ ಮಾತು ಬಹುತೇಕ ನಿಜ. ಟೀವಿಯಲ್ಲೂ ಗೆರೆ ಬಂದರೆ ದೋಷ ಗ್ರಾಫಿಕ್ಸ್‌ನಲ್ಲಿದೆ, ಪ್ಯಾನೆಲ್ ಬದಲಿಸಿ ಉಪಯೋಗವಿಲ್ಲ.

ಪ್ಯಾನೆಲ್ ಹಾಕಿಸುವುದೇ ಆದರೆ ಹಳೆಯದರ ಬೆನ್ನಿನ ಸ್ಟಿಕ್ಕರ್‌ನ ಫೋಟೊ ತೆಗೆದುಕೊಳ್ಳಿ. ಮಾಡೆಲ್ ನಂಬರಿನಲ್ಲಿ 156 ಅಂತಿದ್ದರೆ 15.6 ಇಂಚು, 140 ಅಂದರೆ 14. ಜೊತೆಗೆ ಕನೆಕ್ಟರ್ 30 ಪಿನ್ನೋ 40 ಪಿನ್ನೋ ನೋಡಿಸಿ. ಈ ಎರಡೂ ತಿಳಿದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ನಾಲ್ಕು ಅಂಗಡಿ ಬೆಲೆ ಕೇಳಿ ಆಮೇಲೆ ಒಪ್ಪಬಹುದು.