ಕಿರುಚಲಿಲ್ಲ ಅಂದರೆ ಒಪ್ಪಿದ ಹಾಗಲ್ಲ

"ನಾನು ಕಿರುಚಲಿಲ್ಲ, ತಳ್ಳಲೂ ಇಲ್ಲ. ಹಾಗಾದರೆ ಒಪ್ಪಿದ ಹಾಗೇನಾ?" ಅಂತ ನಿಮ್ಮ ಮೇಲೆ ನಡೆದ ಲೈಂಗಿಕ ಬಲವಂತದ ಬಗ್ಗೆ ಕೇಳಿದ್ದೀರಿ. ಖಂಡಿತ ಅಲ್ಲ. ಭಯವಾದಾಗ ಮೈ ಮರಗಟ್ಟುತ್ತದೆ, ಗಂಟಲಿಂದ ದನಿಯೇ ಹೊರಡುವುದಿಲ್ಲ. ನನ್ನ ಗೆಳತಿಗೂ ಹೀಗೇ ಆಗಿತ್ತು. ಗೋಡೆ ಗಡಿಯಾರವನ್ನೇ ನೋಡುತ್ತಾ ಬಿದ್ದಿದ್ದೆ ಅಂದಿದ್ದಳು.

ಕಾನೂನೂ ನಿಮ್ಮ ಕಡೆಗಿದೆ. ಮೈಯಿಂದ ತಡೆಯಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಹೆಣ್ಣು ಒಪ್ಪಿದಳು ಅನ್ನುವಂತಿಲ್ಲ, ಅತ್ಯಾಚಾರದ ಕುರಿತ ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್ ಇದನ್ನು ಬಿಡಿಸಿ ಹೇಳುತ್ತದೆ. ಒಪ್ಪಿಗೆ ಆ ಲೈಂಗಿಕ ಕ್ರಿಯೆಗೇ ಇರಬೇಕು, ಮನಸಾರೆ ಇರಬೇಕು. ಜೊತೆಗೆ ಕಾಫಿಗೆ ಹೋಗಿದ್ದು, ಮುತ್ತು ಕೊಟ್ಟಿದ್ದು ಅದಕ್ಕೆ ಒಪ್ಪಿಗೆ ಆಗಲ್ಲ.

ದೂರು ಕೊಡುವುದಾದರೆ ಯಾವ ಠಾಣೆಯಲ್ಲಾದರೂ ಕೊಡಬಹುದು. ಅವತ್ತಿನ ಬಟ್ಟೆ ಒಗೆಯಬೇಡಿ, ಕಾಗದದ ಕವರಿನಲ್ಲಿಡಿ. ಖಾಸಗಿ ಆಸ್ಪತ್ರೆಯಲ್ಲೂ ಚಿಕಿತ್ಸೆ ಉಚಿತ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಗಾಬರಿಯಾಗಬೇಡಿ. ಸುಮ್ನೆ ಮಾತಾಡಬೇಕು ಅನ್ನಿಸಿದರೂ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.