ಹಿಸ್ಟಾರಿಕ್ ಯಾವುದು, ಹಿಸ್ಟಾರಿಕಲ್ ಯಾವುದು?

ಮದ್ದೂರಿನ ಓದುಗರೊಬ್ಬರು ಬರೆದಿದ್ದಾರೆ: ‘ನನ್ನ ಮಗಳು ಶಿವಪುರದ ಧ್ವಜ ಸತ್ಯಾಗ್ರಹದ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆದಳು. ಆ ದಿನಕ್ಕೆ, ಊರಿಗೆ, ಅಲ್ಲಿ ನೋಡಿದ ಹಳೇ ಫೋಟೋಗಳಿಗೆ, ಮೂರಕ್ಕೂ ಹಿಸ್ಟಾರಿಕಲ್ ಎಂದು ಬರೆದಿದ್ದಳು. ಮೇಷ್ಟ್ರು ಮೂರನ್ನೂ ಹೊಡೆದು ಹಿಸ್ಟಾರಿಕ್ ಮಾಡಿದ್ದಾರೆ. ಕನ್ನಡದಲ್ಲಿ ಎರಡೂ ಐತಿಹಾಸಿಕವೇ ಅಲ್ವಾ? ಮಾರ್ಕ್ಸ್ ಯಾಕೆ ಹೋಗಬೇಕು? ಇದರ ಹಿಂದೆ ಎ ಬರಬೇಕೋ ಆ್ಯನ್ ಬರಬೇಕೋ, ಅದನ್ನೂ ತಿಳಿಸಿ.’

ದಿನದ ವಿಷಯದಲ್ಲಿ ಮೇಷ್ಟ್ರು ಸರಿ. ಊರಿನ ವಿಷಯದಲ್ಲಿ ಇಬ್ಬರೂ ಸರಿ. ಫೋಟೋ ವಿಷಯದಲ್ಲಿ ನಿಮ್ಮ ಮಗಳೇ ಸರಿ.

ಹಿಸ್ಟಾರಿಕಲ್ ಅಂದರೆ ಚರಿತ್ರೆಗೆ ಸೇರಿದ್ದು, ಚರಿತ್ರೆಯನ್ನು ಕುರಿತದ್ದು. ಅದು ದೊಡ್ಡ ಸಂಗತಿಯೋ ಸಣ್ಣದೋ ಎಂದು ಈ ಪದ ಹೇಳುವುದಿಲ್ಲ. ಹಿಸ್ಟಾರಿಕ್ ಹೇಳುತ್ತದೆ. ಇದು ಚರಿತ್ರೆಯಲ್ಲಿ ನಿಲ್ಲುವಂಥದ್ದು ಎಂಬ ತೀರ್ಪು ಅದರೊಳಗೇ ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಅದು ಹಿಸ್ಟಾರಿಕ್. ಆ ಕಾಲದ ಕೆಲಸಗಾರರ ಹಾಜರಿ ಪುಸ್ತಕ ಎಲ್ಲಾದರೂ ಸಿಕ್ಕರೆ ಅದು ಹಿಸ್ಟಾರಿಕಲ್ ದಾಖಲೆ. ಹಾಗೆಯೇ ಕನ್ನಂಬಾಡಿ ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ಯಾವ ವರ್ಷ ನೀರು ಎಷ್ಟು ಅಡಿ ಇತ್ತು ಎಂಬ ಹಳೇ ಲೆಕ್ಕವೆಲ್ಲ ಹಿಸ್ಟಾರಿಕಲ್ ಡೇಟಾ. ಅದನ್ನು ಹಿಸ್ಟಾರಿಕ್ ಎಂದರೆ ಜಾಸ್ತಿ ಹೊಗಳಿದ ಹಾಗಾಗುತ್ತದೆ.

ಹಿಸ್ಟಾರಿಕಲ್‌ಗೆ ಇನ್ನೊಂದು ಅರ್ಥವೂ ಇದೆ. ನನಗೆ ಅದೇ ಹೆಚ್ಚು ಮುಖ್ಯ ಅನಿಸುತ್ತದೆ. ಕತೆಯಲ್ಲ, ನಿಜವಾಗಿ ಇದ್ದದ್ದು ಎಂಬ ಅರ್ಥ. ಪಾಂಡವಪುರದ ಕುಂತಿ ಬೆಟ್ಟದಲ್ಲಿ ಪಾಂಡವರು ತಾಯಿಯ ಜೊತೆ ಇದ್ದರು ಎನ್ನುವುದು ಜನರ ನಂಬಿಕೆ. ಟಿಪ್ಪು 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಸತ್ತದ್ದಕ್ಕೆ ದಾಖಲೆಯಿದೆ. ಇಂಗ್ಲಿಷಿನಲ್ಲಿ ಎರಡನೆಯದನ್ನು ಮಾತ್ರ ಹಿಸ್ಟಾರಿಕಲ್ ಅನ್ನುತ್ತಾರೆ. ನಮ್ಮ ಮಕ್ಕಳು ಈ ಗೆರೆಯನ್ನು ಚೆನ್ನಾಗಿ ಕಲಿಯಬೇಕು ಎಂಬುದು ನನ್ನ ಆಸೆ.

ಇನ್ನು ಪ್ರಬಂಧಕ್ಕೆ ಬರೋಣ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನವರು ಸರ್ಕಾರದ ನಿಷೇಧ ಮೀರಿ ಶಿವಪುರದಲ್ಲಿ ಬಾವುಟ ಹಾರಿಸಿದರು. ಸಂಸ್ಥಾನದ ಹೋರಾಟಕ್ಕೆ ಬಲ ಬಂದದ್ದು ಹಾಗೆ. ಆ ದಿನ ಹಿಸ್ಟಾರಿಕ್, ಅನುಮಾನವೇ ಬೇಡ. ಹಿಸ್ಟಾರಿಕಲ್ ಎಂದು ಬರೆದರೆ ಅದು ಹಿಂದೆ ನಡೆದದ್ದು ಎಂದಷ್ಟೇ ಆಗುತ್ತದೆ. ನಿಮ್ಮ ಮಗಳು ಹೇಳಹೊರಟಿದ್ದು ಅಷ್ಟೇ ಅಲ್ಲವಲ್ಲ! ಊರಿಗೆ ಎರಡೂ ಒಪ್ಪುತ್ತದೆ. ಫೋಟೋಗಳು ಮಾತ್ರ ಆ ಕಾಲವನ್ನು ತೋರಿಸುವ ಹಳೇ ಚಿತ್ರಗಳು. ಅವು ಹಿಸ್ಟಾರಿಕಲ್. ಯಾವುದೋ ಒಂದು ಫೋಟೋವೇ ಹೆಸರುವಾಸಿಯಾಗಿ ಚರಿತ್ರೆಗೆ ಸೇರಿದ್ದರೆ ಆ ಮಾತು ಬೇರೆ. ಕಾದಂಬರಿಯೂ ಹಾಗೆಯೇ. ಹಳೆಯ ಕಾಲದ ಕತೆ ಹೇಳುವುದು ಹಿಸ್ಟಾರಿಕಲ್ ಕಾದಂಬರಿ.

ಮೇಷ್ಟ್ರ ಮೇಲೆ ಬೇಜಾರು ಬೇಡ. ಮೊದಲು ಇಂಗ್ಲಿಷಿನವರೇ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತಿದ್ದರು. ಈಗಲೂ ಬ್ರಿಟನ್ನಿನ ಪತ್ರಿಕೆಗಳು ಹಳೇ ಅಪರಾಧ ಪ್ರಕರಣಗಳಿಗೆ ಹಿಸ್ಟಾರಿಕ್ ಎಂದು ಬರೆಯುವುದುಂಟು. ಪ್ರಬಂಧ ಹಿಡಿದು ಒಮ್ಮೆ ಅವರ ಹತ್ತಿರ ಹೋಗಿ, ಫೋಟೋ ಇರುವ ಸಾಲನ್ನು ತೋರಿಸಿ ಕೇಳಲಿ. ಆ ಒಂದು ಮಾರ್ಕ್ಸ್ ಅವಳಿಗೆ ಬರಬೇಕಾದ್ದೇ.

ಕೊನೆಯ ಪ್ರಶ್ನೆಗೆ ಉತ್ತರ ಸುಲಭ. ‘ಹಿ’ ಎಂದು ಸ್ಪಷ್ಟವಾಗಿ ಉಚ್ಚರಿಸುವವರು ಎ ಬರೆಯಬೇಕು. ಆ್ಯನ್ ಕೆಲವು ಹಳೇ ಪುಸ್ತಕಗಳಲ್ಲಿ ಸಿಗುತ್ತದೆ, ಪರೀಕ್ಷೆಗೆ ಎ ಸಾಕು.