ಪೇಟೆಂಟ್ ಇದೆ, ಲೈಸೆನ್ಸ್ ಇದೆ ಅಂತ ಜೆರಾಕ್ಸ್ ಕೊಟ್ಟಿದ್ದಾರೆ. ಎಷ್ಟು ನಂಬಬೇಕು?

ನಿಮ್ಮ ಪ್ರಶ್ನೆ ನಾನು ಅರ್ಥ ಮಾಡಿಕೊಂಡಂತೆ ಹೀಗಿದೆ. ಮೈಸೂರಿನಲ್ಲಿ ಮನೆ ಕಟ್ಟಿಸುತ್ತಿದ್ದೀರಿ, ಬೋರ್‌ವೆಲ್ ನೀರು ಗಡಸು. ಪೈಪಿಗೆ ಸುತ್ತುವ ಒಂದು ಸಾಧನ ಹಾಕಿಸಿದರೆ ನೀರು ಮೆದುವಾಗುತ್ತದೆ, ಇದಕ್ಕೆ ಭಾರತ ಸರ್ಕಾರದ ಪೇಟೆಂಟ್ ಇದೆ ಎಂದು ಒಬ್ಬರು 65 ಸಾವಿರ ಕೇಳುತ್ತಿದ್ದಾರೆ. 2021ರಿಂದ ಶುರುವಾಗುವ 12 ಅಂಕಿಯ ನಂಬರ್ ಕೊಟ್ಟಿದ್ದಾರೆ. ಅವರೇ ಕರೆತಂದ ವೈರಿಂಗ್ ಕೆಲಸದವರು ತಮ್ಮ ಲೈಸೆನ್ಸಿನ ಜೆರಾಕ್ಸ್ ಕೊಟ್ಟಿದ್ದಾರೆ. ವಕೀಲರ ಹತ್ತಿರ ಹೋಗದೆ ಇವೆರಡನ್ನೂ ನೀವೇ ಪರಿಶೀಲಿಸಬಹುದೇ, ಬೇರೆಯವರ ದಾಖಲೆ ನೋಡುವುದು ತಪ್ಪಾಗುತ್ತದೆಯೇ ಎಂದು ಕೇಳಿದ್ದೀರಿ.

ಪರಿಶೀಲಿಸಬಹುದು, ತಪ್ಪಂತೂ ಅಲ್ಲವೇ ಅಲ್ಲ. ಆ ದಾಖಲೆಗಳನ್ನು ಇಟ್ಟಿರುವುದೇ ನಿಮ್ಮಂಥವರು ನೋಡಲಿ ಅಂತ. ಪೇಟೆಂಟ್ ದಾಖಲೆ ನೋಡಲು ಒಂದು ರೂಪಾಯಿಯೂ ಖರ್ಚಿಲ್ಲ. ಆದರೆ ಕಾಗದ ಅಸಲಿಯೇ ನಕಲಿಯೇ ಎಂಬುದಷ್ಟೇ ಮುಖ್ಯವಲ್ಲ. ಅಸಲಿ ಕಾಗದ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದು ಅದಕ್ಕಿಂತ ಮುಖ್ಯ. ಇದನ್ನು ನಮ್ಮ ಮನೆಯವರು ದುಡ್ಡು ಕೊಟ್ಟು ಕಲಿತೆವು.

ನಮ್ಮದು ಪಾಂಡವಪುರ ತಾಲ್ಲೂಕು. ಅಪ್ಪ ಬೆಲ್ಲ ತಯಾರಿಸುವ ಆಲೆಮನೆ ನಡೆಸುತ್ತಾರೆ. ನಾನು ಮಂಡ್ಯದಲ್ಲಿ ಒಬ್ಬರು ಆಡಿಟರ್ ಕಚೇರಿಯಲ್ಲಿ ಕೆಲಸಕ್ಕಿದ್ದೇನೆ. ಆಲೆಮನೆ ಕಂಡವರಿಗೆ ಗೊತ್ತು, ಗಾಣದಿಂದ ಬಂದ ರಚ್ಚನ್ನೇ, ಅಂದರೆ ರಸ ಹಿಂಡಿದ ಕಬ್ಬಿನ ಸಿಪ್ಪೆಯನ್ನೇ, ಒಣಗಿಸಿ ಕೊಪ್ಪರಿಗೆ ಕೆಳಗೆ ಉರಿ ಹಾಕುತ್ತೇವೆ. ಮಳೆಗಾಲದಲ್ಲಿ ರಚ್ಚು ಒಣಗುವುದಿಲ್ಲ, ಸಾಲುವುದಿಲ್ಲ. ಆಗ ಸೌದೆ ಕೊಳ್ಳಬೇಕು, ಇಲ್ಲವೇ ಕೆಲವರು ಮಾಡುವಂತೆ ಹಳೇ ಟೈರ್ ಸುಡಬೇಕು. ಟೈರ್ ಹೊಗೆಯಲ್ಲಿ ಬೆಲ್ಲ ಬೇಯಿಸಲು ಅಪ್ಪನಿಗೆ ಮನಸ್ಸಿಲ್ಲ. 2019ರ ಡಿಸೆಂಬರಿನಲ್ಲಿ ಒಬ್ಬರು ಬಂದು, ರಚ್ಚು ಅರ್ಧಕ್ಕರ್ಧ ಉಳಿಸುವ ಒಲೆ ಕಟ್ಟಿಕೊಡುತ್ತೇವೆ, ಪೇಟೆಂಟ್ ಆಗಿದೆ ಎಂದರು. ಅಪ್ಪ 40 ಸಾವಿರ ಮುಂಗಡ ಕೊಟ್ಟುಬಿಟ್ಟರು. ಭಾನುವಾರ ಊರಿಗೆ ಹೋದಾಗ ನಾನು ಕಾಗದ ನೋಡಿ ಇದೇನಪ್ಪ ಅಂದರೆ, "ಸರ್ಕಾರದ ಸೀಲ್ ಅದಲ್ಲ ಕಣವ್ವ, ಇನ್ನೇನ್ ನೋಡದು?" ಎಂದರು.

ಸೀಲ್ ಇದ್ದದ್ದು ನಿಜ. ಕಾಗದವೂ ಅಸಲಿ. ಆದರೆ ಅದು ಅರ್ಜಿ ತಲುಪಿದ್ದಕ್ಕೆ ಕೊಟ್ಟ ರಸೀದಿ.

ನಿಮ್ಮ 12 ಅಂಕಿಯೂ ಬಹುತೇಕ ಅದೇ. ಅದು ಅರ್ಜಿಯ ನಂಬರ್. ಮೊದಲ ನಾಲ್ಕು ಅಂಕಿ ಅರ್ಜಿ ಹಾಕಿದ ವರ್ಷ. ಐದನೆಯದು ಯಾವ ಪೇಟೆಂಟ್ ಕಚೇರಿ ಅನ್ನುವುದು: 1 ಇದ್ದರೆ ದೆಹಲಿ, 2 ಮುಂಬೈ, 3 ಕೋಲ್ಕತ್ತ, 4 ಚೆನ್ನೈ. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೆ ಸೇರುತ್ತದೆ. ಆರನೆಯದು ಅರ್ಜಿಯ ಬಗೆ, ಉಳಿದ ಆರು ಕ್ರಮಸಂಖ್ಯೆ. 2016ಕ್ಕಿಂತ ಹಿಂದೆ ಚೆನ್ನೈ ಕಚೇರಿಗೆ ಹಾಕಿದ ಅರ್ಜಿಯಾದರೆ ನಂಬರಿನ ನಡುವೆ ಓರೆಗೆರೆ ಹಾಕಿ ಸಿಎಚ್‌ಇ ಅಂತ ಇರುತ್ತದೆ, ಅಪ್ಪನ ಕಾಗದದಲ್ಲಿ ಇದ್ದದ್ದು ಅದು. ಪೇಟೆಂಟ್ ಮಂಜೂರಾದ ಮೇಲೆ ಸಿಗುವ ನಂಬರೇ ಬೇರೆ, ಈಗಿನವು ಆರು ಅಂಕಿಯವು. ಒಬ್ಬ ವ್ಯಕ್ತಿ ಆನ್‌ಲೈನಿನಲ್ಲಿ 1,600 ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ ಅರ್ಜಿ ನಂಬರ್ ಬಂದೇ ಬರುತ್ತದೆ. ಅದು ಬಂದ ಮಾತ್ರಕ್ಕೆ ಯಾರೂ ಏನನ್ನೂ ಪರೀಕ್ಷಿಸಿಲ್ಲ. 18 ತಿಂಗಳಾದ ಮೇಲೆ ಅರ್ಜಿ ಪ್ರಕಟವಾಗುತ್ತದೆ. ಅದನ್ನೂ ಕೆಲವರು ಪೇಟೆಂಟ್ ಆಯಿತು ಅಂತಲೇ ಹೇಳಿಕೊಳ್ಳುತ್ತಾರೆ. ಪ್ರಕಟಣೆ ಬೇರೆ, ಮಂಜೂರಾತಿ ಬೇರೆ. ವಸ್ತುವಿನ ಆಕಾರ, ನೋಟಕ್ಕೆ ಮಾತ್ರ ಸಿಗುವ ಡಿಸೈನ್ ನೋಂದಣಿ ಪತ್ರವನ್ನು ಪೇಟೆಂಟ್ ಎಂದು ತೋರಿಸುವವರೂ ಇದ್ದಾರೆ. ಡಿಸೈನ್ ಎಂಬ ಪದ ಅದರ ಮೇಲೆಯೇ ಅಚ್ಚಾಗಿರುತ್ತದೆ, ಓದಬೇಕು ಅಷ್ಟೆ.

ಹುಡುಕುವುದು ಹೀಗೆ: ಪೇಟೆಂಟ್ ಕಚೇರಿಯ ಐಪಿ ಇಂಡಿಯಾ ಜಾಲತಾಣದಲ್ಲಿ ಇನ್‌ಪಾಸ್ ಎಂಬ ಪೇಟೆಂಟ್ ಹುಡುಕಾಟದ ಪುಟವಿದೆ. ಅಲ್ಲಿ ಅರ್ಜಿಯ ಸ್ಥಿತಿ ನೋಡುವ ಕಡೆ ಆ 12 ಅಂಕಿ ಹಾಕಿ. ಅರ್ಜಿದಾರರು ಯಾರು, ಆವಿಷ್ಕಾರ ಮಾಡಿದವರು ಯಾರು, ಈಗ ಯಾವ ಹಂತದಲ್ಲಿದೆ ಎಲ್ಲವೂ ಬರುತ್ತದೆ. ಮಂಜೂರಾಗಿದ್ದರೆ ಇ-ರಿಜಿಸ್ಟರನ್ನೂ, ಅಂದರೆ ಮಂಜೂರಾದ ಪೇಟೆಂಟುಗಳ ಆನ್‌ಲೈನ್ ದಾಖಲೆಯನ್ನೂ, ತೆಗೆದು ನೋಡಿ. ಪೇಟೆಂಟ್ ಆಯುಸ್ಸು ಅರ್ಜಿ ಹಾಕಿದ ದಿನದಿಂದ 20 ವರ್ಷ, ಆದರೆ ಮೂರನೇ ವರ್ಷದಿಂದ ನವೀಕರಣ ಶುಲ್ಕ ಕಟ್ಟುತ್ತಾ ಹೋಗದಿದ್ದರೆ ನಡುವೆಯೇ ಸತ್ತುಹೋಗುತ್ತದೆ. ಗೋಡೆಗೆ ತೂಗುಹಾಕಿದ ಪ್ರಮಾಣಪತ್ರದಲ್ಲಿ ಇದು ಗೊತ್ತಾಗುವುದಿಲ್ಲ, ರಿಜಿಸ್ಟರಿನಲ್ಲಿ ಗೊತ್ತಾಗುತ್ತದೆ. ಸಿಕ್ಕ ಹೆಸರು ನಿಮಗೆ ಮಾರುವವರದೇ ಆಗಿದೆಯೇ? ಬೇರೆಯವರದಾದರೆ, ಅದನ್ನು ಮಾಡಿ ಮಾರಲು ಆ ಹೆಸರಿನವರು ನಿಮಗೆ ಮಾರುವವರಿಗೆ ಲಿಖಿತ ಒಪ್ಪಿಗೆ ಕೊಟ್ಟಿದ್ದಾರೆಯೇ ಎಂದು ನೇರವಾಗಿ ಕೇಳಿ.

ನಾವು ಹುಡುಕಿದಾಗ ಅರ್ಜಿದಾರರ ಹೆಸರು ಅಪ್ಪನ ಹತ್ತಿರ ದುಡ್ಡು ತೆಗೆದುಕೊಂಡವರದಲ್ಲ. ಸ್ಥಿತಿ ಅನ್ನುವ ಕಡೆ, ಕಲಂ 21(1)ರ ಪ್ರಕಾರ ಅರ್ಜಿ ಕೈಬಿಟ್ಟಂತೆ ಎಂದಿತ್ತು. ಪೇಟೆಂಟ್ ಕಚೇರಿಯ ಪರೀಕ್ಷಕರು ಆಕ್ಷೇಪಗಳನ್ನು ಬರೆದು ಕಳಿಸಿದ ಮೇಲೆ ಆರು ತಿಂಗಳೊಳಗೆ ಉತ್ತರ ಕೊಡಬೇಕು, ಕೇಳಿಕೊಂಡರೆ ಇನ್ನು ಮೂರು ತಿಂಗಳು ಸಿಗುತ್ತದೆ. ಉತ್ತರವೇ ಹೋಗದಿದ್ದರೆ ಹೀಗಾಗುತ್ತದೆ.

ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಪಕ್ಕದಲ್ಲೇ ಪೂರ್ತಿ ವಿವರಣೆಯ ಕಡತ ಇತ್ತು, ಚಿತ್ರಗಳ ಸಮೇತ. ಅದನ್ನು ಇಳಿಸಿಕೊಂಡು ಅಪ್ಪನ ಜೊತೆ ಕೂತು ಓದಿದೆ. ಈ ಭಾಗವನ್ನು ಯಾರೂ ಓದುವುದಿಲ್ಲ, ಎಲ್ಲರೂ ಓದಬೇಕಾದದ್ದು ಇದನ್ನೇ. ಪೇಟೆಂಟ್ ಕಾನೂನಿನ ಒಪ್ಪಂದವೇ ಇದು: ನೀನು ಕಂಡುಹಿಡಿದದ್ದನ್ನು, ಬಲ್ಲವರು ಓದಿ ಮಾಡುವಷ್ಟು ಬಿಚ್ಚಿ ಬರೆ, ಬದಲಿಗೆ 20 ವರ್ಷ ನಿನ್ನ ಅನುಮತಿಯಿಲ್ಲದೆ ಬೇರೆಯವರು ಮಾಡದಂತೆ ತಡೆಯುತ್ತೇವೆ. ಗುಟ್ಟು ಕಾಯುವುದು ಬೇರೆಯದೇ ದಾರಿ. ನಿಮ್ಮ ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯಲ್ಲಿ 1962ರ ಚುನಾವಣೆಯಿಂದ ತಯಾರಾಗುತ್ತಿರುವ ಮತದಾನದ ಶಾಯಿಯ ಸೂತ್ರವನ್ನು ಇವತ್ತಿಗೂ ಗುಟ್ಟಾಗಿಯೇ ಇಟ್ಟಿದ್ದಾರೆ. ಪೇಟೆಂಟ್ ಬೇಕೆಂದವರಿಗೆ ಆ ದಾರಿ ಇಲ್ಲ, ಹೇಳಲೇಬೇಕು.

ಆ ವಿವರಣೆಯಲ್ಲಿ ಅರ್ಜಿದಾರರು ತಾವು ಮಾಡಿ ನೋಡಿದ್ದನ್ನು ಪ್ರಾಮಾಣಿಕವಾಗಿ ಬರೆದಿದ್ದರು. ಪ್ರಯೋಗ ಮಾಡಿದ್ದು ಚಿಕ್ಕ ಕೊಪ್ಪರಿಗೆಯಲ್ಲಿ, ಪೂರ್ತಿ ಒಣಗಿದ ರಚ್ಚಿನಲ್ಲಿ. ನಮ್ಮ ಕೊಪ್ಪರಿಗೆ ಅದರ ಮೂರು ಪಟ್ಟು, ನಮ್ಮ ತೊಂದರೆಯೇ ಹಸಿ ರಚ್ಚು. ಅರ್ಧಕ್ಕರ್ಧ ಉಳಿಯುತ್ತದೆ ಎಂಬ ಮಾತು ಅಲ್ಲೆಲ್ಲೂ ಇರಲಿಲ್ಲ. ಮಾರಲು ಬಂದವರು ಹೇಳಿದ್ದು ಒಂದು, ಕಂಡುಹಿಡಿದವರು ಸಹಿ ಹಾಕಿ ಬರೆದದ್ದು ಇನ್ನೊಂದು.

ಅರ್ಜಿಯಲ್ಲಿದ್ದ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಾಗದ ಬರೆದೆ. ಹತ್ತು ದಿನಕ್ಕೆ ಫೋನ್ ಬಂತು. ಪಕ್ಕದ ಜಿಲ್ಲೆಯ ಹಿರಿಯರು, ಲೇತ್ ವರ್ಕ್‌ಶಾಪ್ ಇಟ್ಟುಕೊಂಡಿದ್ದವರು. ನಮ್ಮ ಹತ್ತಿರ ಬಂದವರು ಯಾರೆಂದೇ ಅವರಿಗೆ ಗೊತ್ತಿಲ್ಲ. ಪರೀಕ್ಷಕರ ಆಕ್ಷೇಪಗಳು ಬಂದಾಗ ಅವರ ಮನೆಯವರಿಗೆ ಆಪರೇಷನ್ ಆಗಿತ್ತಂತೆ, ಉತ್ತರ ಬರೆಸಲು ಪೇಟೆಂಟ್ ಏಜೆಂಟರಿಗೆ ಕೊಡಲು ದುಡ್ಡಿರಲಿಲ್ಲವಂತೆ, ಗಡುವು ಹೋಯಿತು. ಎಂಟು ವರ್ಷದ ಕೆಲಸ ಅದು. ಕೇಳುವಾಗ ನನಗೆ ಸಂಕಟವಾಯಿತು. ಅವರಲ್ಲಿ ಮಾತ್ರ ಕಹಿ ಇರಲಿಲ್ಲ. "ಈಗ ಅದು ಎಲ್ಲರ್ದೂ ಕಣಮ್ಮ, ಕಟ್ಕೊಳ್ಳಿ" ಎಂದು, ಗಾಳಿ ಕಿಂಡಿ ಎಲ್ಲಿರಬೇಕು, ಹೊಗೆಗೂಡು ಎಷ್ಟು ಎತ್ತರ ಬೇಕು, ಹೋಗುವ ಹೊಗೆಯ ಬಿಸಿಯಲ್ಲೇ ಹಸಿ ರಚ್ಚನ್ನು ಹೇಗೆ ಒಣಗಿಸಬಹುದು ಎಂದು ಅಪ್ಪನಿಗೆ ಒಂದು ಗಂಟೆ ವಿವರಿಸಿದರು. ನಮ್ಮೂರಿನ ಗಾರೆ ಕೆಲಸದವರೇ ಒಲೆ ತಿದ್ದಿದರು. ಅರ್ಧ ಉಳಿಯಲಿಲ್ಲ, ಆದರೆ ಮರು ಮಳೆಗಾಲದಲ್ಲಿ ಸೌದೆ ಕೊಳ್ಳುವುದು ಕಡಿಮೆಯಾಯಿತು. ಅಪ್ಪ ಆ ಹಿರಿಯರಿಗೆ ಪ್ರತಿ ಸಂಕ್ರಾಂತಿಗೆ ಬೆಲ್ಲ ಕಳಿಸುತ್ತಾರೆ. ಮುಂಗಡ ಪಡೆದವರಿಗೆ ಇನ್‌ಪಾಸ್ ಪುಟದ ಪ್ರಿಂಟ್ ತೋರಿಸಿದ ಮೇಲೆ 25 ಸಾವಿರ ವಾಪಸ್ ಬಂತು, ಉಳಿದದ್ದು ಬರಲಿಲ್ಲ. ಇಲ್ಲದ ಪೇಟೆಂಟ್ ಇದೆ ಎಂದು ಹೇಳಿ ಮಾರುವುದು ಪೇಟೆಂಟ್ ಕಾಯಿದೆಯ ಕಲಂ 120ರಲ್ಲಿ ತಪ್ಪು ಎಂದು ಆಗ ನಮಗೆ ಗೊತ್ತಿರಲಿಲ್ಲ. ಈಗ ಅದಕ್ಕೆ ದಂಡ 10 ಲಕ್ಷ ರೂಪಾಯಿವರೆಗೂ ಇದೆ.

ಇನ್ನು ನಿಮ್ಮ ಸಾಧನ. ಪೇಟೆಂಟ್ ನಿಜವಾಗಿಯೇ ಮಂಜೂರಾಗಿದೆ ಅಂತಿಟ್ಟುಕೊಳ್ಳಿ. ಆಗಲೂ ಅದು ಹೇಳುವುದು, ಇದು ಹೊಸದು, ಬೇರೆಯವರು ನಕಲು ಮಾಡುವಂತಿಲ್ಲ ಎಂದು. ನಿಮ್ಮ ಮನೆಯ ನೀರು ಮೆದುವಾಗುತ್ತದೆ ಎಂದು ಪೇಟೆಂಟ್ ಕಚೇರಿ ಭರವಸೆ ಕೊಟ್ಟಿಲ್ಲ, ಆ ಸಾಧನವನ್ನು ಯಾವ ಪೈಪಿಗೂ ಸುತ್ತಿ ನೋಡಿಲ್ಲ. ನೀರು ಗಡಸಾಗುವುದು ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿಂದ. ಉಪ್ಪು ಹಾಕಿ ನಡೆಸುವ ಸಾಫ್ಟ್‌ನರ್ ಅವನ್ನು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಪೈಪಿನ ಹೊರಗೆ ಸುತ್ತಿದ್ದು ಆ ಲವಣಗಳನ್ನು ಹೇಗೆ ತೆಗೆಯುತ್ತದೆ ಎಂದು ಅವರ ವಿವರಣೆಯಲ್ಲೇ ಹುಡುಕಿ. ತೆಗೆಯುತ್ತದೆ ಎಂದಿದೆಯೋ, ಪೈಪಿನಲ್ಲಿ ಬಿಳಿ ಪದರ ಕಟ್ಟುವುದು ಕಡಿಮೆಯಾಗುತ್ತದೆ ಎಂದಷ್ಟೇ ಇದೆಯೋ ನೋಡಿ. ಅವರು ಈಗಾಗಲೇ ಹಾಕಿಕೊಟ್ಟಿರುವ ಮನೆಯೊಂದರಲ್ಲಿ ಸಾಧನಕ್ಕೆ ಮೊದಲಿನ ನೀರು, ನಂತರದ ನೀರು ಎರಡನ್ನೂ ಬಾಟಲಿಯಲ್ಲಿ ಹಿಡಿದು ಲ್ಯಾಬಿಗೆ ಕೊಡಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತಾರೆ. ಎರಡು ಬಾಟಲಿಯ ಅಂಕಿ ಒಂದೇ ಬಂದರೆ 65 ಸಾವಿರದ ಮಾತು ಅಲ್ಲಿಗೆ ಮುಗಿಯಿತು.

ಲೈಸೆನ್ಸ್ ವಿಚಾರ ಇದಕ್ಕೆ ತಿರುಗುಮುರುಗು. ಪೇಟೆಂಟ್ ಬೇರೆಯವರನ್ನು ತಡೆಯುವ ಕಾಗದ, ಲೈಸೆನ್ಸ್ ಅದನ್ನು ಹಿಡಿದವರಿಗೆ ಕೆಲಸ ಮಾಡಲು ಬಿಡುವ ಕಾಗದ. ವೈರಿಂಗ್‌ಗೆ ಲೈಸೆನ್ಸ್ ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ. ಗುತ್ತಿಗೆದಾರರ ಲೈಸೆನ್ಸ್ ಬೇರೆ, ವೈರ್‌ಮನ್ ಪರ್ಮಿಟ್ ಬೇರೆ. ನಿಮ್ಮ ಭಾಗದ ವಿದ್ಯುತ್ ಕಂಪನಿ ಸೆಸ್ಕ್‌ನಿಂದ ಸಂಪರ್ಕ ಪಡೆಯುವಾಗ ವೈರಿಂಗ್ ಮುಗಿದ ವರದಿಗೆ ಸಹಿ ಹಾಕಬೇಕಾದವರು ಲೈಸೆನ್ಸ್ ಇರುವ ಗುತ್ತಿಗೆದಾರರು. ನಾನು ಕಂಡ ದೊಡ್ಡ ತೊಂದರೆ ನಕಲಿ ಲೈಸೆನ್ಸ್ ಅಲ್ಲ. ಲೈಸೆನ್ಸ್ ಒಬ್ಬರದು, ಸಹಿ ಅವರದು, ಗೋಡೆ ಕೊರೆದು ವೈರ್ ಎಳೆಯುವವರು ಇನ್ಯಾರೋ. ಆದ್ದರಿಂದ ಜೆರಾಕ್ಸ್ ಬೇಡ, ಮೂಲ ಪ್ರತಿ ಕೇಳಿ. ಅದರಲ್ಲಿರುವ ಹೆಸರು, ಅವಧಿ ಮುಗಿಯುವ ದಿನ ನೋಡಿ, ಆ ಹೆಸರಿನವರೇ ನಿಮ್ಮ ಮನೆಗೆ ಬಂದು ನಿಂತು ಕೆಲಸ ಮಾಡಿಸುತ್ತಾರೆಯೇ ಕೇಳಿ. ಅನುಮಾನ ಬಂದರೆ ಪರಿವೀಕ್ಷಣಾಲಯದ ಕಚೇರಿಯಲ್ಲಿ ನಂಬರ್ ಕೊಟ್ಟು ವಿಚಾರಿಸಿ. ಬಾಯಿಮಾತಿನಲ್ಲಿ ಉತ್ತರ ಸಿಗದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಲೈಸೆನ್ಸ್ ಯಾರ ಹೆಸರಿನಲ್ಲಿದೆ, ಜಾರಿಯಲ್ಲಿದೆಯೇ ಎಂದಷ್ಟೇ ಕೇಳಿ. ಅವರ ಮನೆ ವಿಳಾಸ, ಅಂಕಪಟ್ಟಿ ಕೇಳಬೇಡಿ, ಅದು ನಿಮಗೆ ಬೇಕಾದದ್ದೂ ಅಲ್ಲ.

ಮನೆ ಕಟ್ಟುವಾಗ ಇನ್ನಿಬ್ಬರ ಕಾಗದವೂ ನಿಮ್ಮ ಕೈಗೆ ಬರುತ್ತದೆ. ಆರ್ಕಿಟೆಕ್ಟ್ ಎಂದು ಬೋರ್ಡ್ ಹಾಕಿಕೊಳ್ಳಲು 1972ರ ಕಾಯಿದೆಯಂತೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಇರಲೇಬೇಕು, ಅವರ ಜಾಲತಾಣದಲ್ಲಿ ಹೆಸರು ಹುಡುಕಬಹುದು. ಬ್ಯಾಂಕ್ ಸಾಲಕ್ಕೆ ಸಿಎ ಕೊಟ್ಟ ಪ್ರಮಾಣಪತ್ರದಲ್ಲಿ ಯುಡಿನ್ ಎಂಬ 18 ಅಂಕಿ-ಅಕ್ಷರದ ನಂಬರ್ ಇರುತ್ತದೆ, ಅದನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ನಮ್ಮ ಕಚೇರಿಗೆ ಬರುವವರಿಗೆಲ್ಲ ನಾನೇ ತೋರಿಸಿಕೊಡುತ್ತೇನೆ.

ಸದ್ಯಕ್ಕೆ ಮುಂಗಡ ಕೊಡಬೇಡಿ. ಇವತ್ತು ರಾತ್ರಿಯೇ ಆ 12 ಅಂಕಿ ಹಾಕಿ ನೋಡಿ. ಸ್ಥಿತಿ ಎಂಬ ಕಡೆ ಏನು ಬರೆದಿದೆ, ಅರ್ಜಿದಾರರ ಹೆಸರು ಮಾರುವವರ ಹೆಸರಿಗೆ ಹೊಂದುತ್ತದೆಯೇ ಎಂದು ಇಲ್ಲೇ ತಿಳಿಸಿ. ವಿವರಣೆಯ ಕಡತ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ಓದಲು ಕಷ್ಟವಾದರೆ ಅರ್ಜಿ ನಂಬರ್ ಹಾಕಿ, ನಾನು ಓದಿ ಕನ್ನಡದಲ್ಲಿ ಹೇಳುತ್ತೇನೆ.